ಸುಳ್ಳು ಹುಟ್ಟುಹಬ್ಬಗಳ ಮೇಜಿನಿಂದ

ಸರ್ವಿಸ್ ಬುಕ್ಕಿನ ಪ್ರಕಾರ ನನಗಿಂತ ಏಳು ತಿಂಗಳು ದೊಡ್ಡವನಾದ ಗೆಳೆಯ ಮಾಧೂ,

ಕ್ಷೇಮವೇ ಎಂದು ಕೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಇಲ್ಲಿ ಎಲ್ಲ ಕ್ಷೇಮ ಎಂದು ನಾನು ಬರೆದರೆ ನೀನು ನಂಬುವುದಿಲ್ಲ. ಅಲ್ಲಿ ಎಲ್ಲ ಕ್ಷೇಮ ಎಂದು ನೀನಂತೂ ಬರೆಯುವುದಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಫೆಯ ಮೂಲೆ ಮೇಜಿನಲ್ಲೇ ಕೂತಿದ್ದೇನೆ. ಒಂದು ಗಂಟೆಗೆ ಒಬ್ಬರು ಬರುವವರಿದ್ದಾರೆ, ನಾನು ಹನ್ನೆರಡೂವರೆಗೇ ಬಂದುಬಿಟ್ಟಿದ್ದೇನೆ. ಗ್ರೇಟರ್ ನೋಯ್ಡಾದಿಂದ ಬರುವವನಿಗೆ ತಡವಾಗುವುದೇ ಧರ್ಮ ಎಂದು ತೀರ್ಪು ಕೊಟ್ಟವನು ನೀನು, ನಗಬೇಡ. ತಟ್ಟೆಯ ಕೆಳಗೆ ಹಾಸುವ ಕಾಗದ ಇದೆಯಲ್ಲ, ಅದನ್ನು ಮಗುಚಿ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹಾಳೆಯ ಎರಡೂ ಬದಿ ಬಳಸುವುದು ನಮ್ಮ ಸೆಕ್ಷನ್ನಿನ ಶಿಸ್ತಲ್ಲವೇ?

ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿ ಮೇಲಿನ ಮನೆ ನಿನ್ನದು, ಕೆಳಗಿನದು ನನ್ನದು ಆಗಿದ್ದ ಕಾಲ ನೆನಪಾಗುತ್ತಿದೆ. ಹೋಟೆಲ್ ಅಂದರೆ ವರ್ಷಕ್ಕೊಂದು ಸಲ, ಬೋನಸ್ ಬಂದ ವಾರ, ಎರಡು ಸಂಸಾರ ಸೇರಿ ಮಸಾಲೆ ದೋಸೆಗಾಗಿ ಬಸ್ಸು ಹತ್ತುವುದು. ರಿಟೈರ್ ಆದ ಮೇಲೆ ನೀನು ಮಗಳ ಜೊತೆ ಪೀತಮ್‌ಪುರಕ್ಕೆ ಹೋದೆ, ನಾನು ಮಗನ ಜೊತೆ ಗ್ರೇಟರ್ ನೋಯ್ಡಾಕ್ಕೆ. ಹೀಗೆ ಬಿಟ್ಟರೆ ಇಬ್ಬರೂ ಫೋನಿನಲ್ಲೇ ಮುದುಕರಾಗುತ್ತೇವೆ ಎಂದು ಹೆದರಿ, ತಿಂಗಳ ಎರಡನೇ ಶನಿವಾರ ನಡುವಲ್ಲೆಲ್ಲಾದರೂ ಸೇರಿ ಊಟ ಮಾಡುವುದು ಎಂದು ಠರಾವು ಮಾಡಿಕೊಂಡೆವು. ಎಂಥೆಂಥಾ ಜಾಗಕ್ಕೆ ಹೋದೆವು ಮಾರಾಯ. ಮೆನು ಕೇಳಿದರೆ ಮೇಜಿಗೆ ಅಂಟಿಸಿದ ಕಪ್ಪು ಚೌಕ ತೋರಿಸುತ್ತಿದ್ದರು. ನೀನು ಅದಕ್ಕೆ ಫೋನು ಹಿಡಿದರೆ ಪರದೆಯ ಮೇಲೆ ನಿನ್ನ ಮೂಗೇ ಬರುತ್ತಿತ್ತು. ಒಂದು ಕಡೆ ಪುಟಾಣಿ ಇಡ್ಲಿಗಳನ್ನು ಕಡ್ಡಿಗೆ ಚುಚ್ಚಿ, ಕಪ್ಪು ಕಲ್ಲಿನ ಮೇಲೆ ಮಲಗಿಸಿ ತಂದರು. "ಸೀನ, ಇಡ್ಲಿಗೆ ಇಂಜೆಕ್ಷನ್ ಕೊಟ್ಟಿದಾರೆ ಕಣೋ, ಪಾಪ" ಅಂದೆ ನೀನು. ಬಿಳಿ ಸಾಸಿನ ಪಾಸ್ತಾ ತಿಂದು ಇಬ್ಬರಿಗೂ ಹೊಟ್ಟೆ ಕೆಟ್ಟಾಗ, "ಇದಕ್ಕೇ ಪಾಸ್ತಾತ್ತಾಪ ಅನ್ನೋದು" ಅಂತ ನಾನಂದಿದ್ದೆ. ಆಗ ಅದು ಬರೀ ಜೋಕಾಗಿತ್ತು.

ಈ ಕೆಫೆಗೆ ಮೊದಲ ಸಲ ಬಂದ ದಿನ ನೀನು ಗಾಜಿನ ಬಾಗಿಲಿನ ಹೊರಗೆ ನಿಂತು ತಳ್ಳುತ್ತಲೇ ಇದ್ದೆ. ಎಳೆಯಿರಿ ಎಂದು ಇಂಗ್ಲಿಷಿನಲ್ಲಿ ಅಂಗೈ ಅಗಲ ಬರೆದಿದೆ. ಆಮೇಲೂ ಪ್ರತಿ ತಿಂಗಳು ನೀನು ತಳ್ಳುವುದೇ. ನಾನು ಒಳಗೆ ಕೂತಿದ್ದ ದಿನವಾದರೆ ಎದ್ದು ಬಂದು ತೆರೆಯುತ್ತಿದ್ದೆನೇ? ಇಲ್ಲ. ನೀರಿನ ಲೋಟ ಹಿಡಿದು ನಾಟಕ ನೋಡುವ ಹಾಗೆ ನೋಡುತ್ತಿದ್ದೆ. ಕೊನೆಗೆ ವೇಟರ್ ನೇಗಿ ಓಡಿಬಂದು ನಿನ್ನನ್ನು ಒಳಗೆ ಕರೆದುಕೊಳ್ಳುತ್ತಿದ್ದ. ಐವತ್ತರ ಹತ್ತಿರದ, ಗಢವಾಲದ ಆ ಸಭ್ಯ ಮನುಷ್ಯನನ್ನು ಈ ಪತ್ರದಲ್ಲಿ ಮರೆಯಬೇಡ. ಅವನ ವಿಷಯಕ್ಕೇ ಬರೆಯಲು ಕೂತಿದ್ದು.

ನಿನ್ನ ಹುಟ್ಟುಹಬ್ಬದ ಆಟ ಶುರುವಾಗಿದ್ದು ಬೇರೊಂದು ರೆಸ್ಟೋರೆಂಟಿನಲ್ಲಿ. ಪಕ್ಕದ ಮೇಜಿನ ಹುಡುಗಿಗೆ ವೇಟರುಗಳೆಲ್ಲ ತಾಟು ಬಡಿದು ಹಾಡು ಹೇಳಿ, ಕೇಕಿನ ತುಂಡಿಗೆ ಒಂದು ಮೇಣದಬತ್ತಿ ಸಿಕ್ಕಿಸಿ ತಂದುಕೊಟ್ಟರು. ನೀನು ಅದನ್ನೇ ನೋಡುತ್ತಾ, "ನಂಗೆ ಯಾರೂ ಮಾಡಿಲ್ಲಪ್ಪ. ಯಾವತ್ತು ಹುಟ್ಟಿದ್ದು ಅಂತ ಗೊತ್ತಿದ್ರೆ ತಾನೆ?" ಅಂದೆ. ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರು ನಿನ್ನನ್ನು ಮೇಲಿಂದ ಕೆಳಗೆ ನೋಡಿ ಜೂನ್ ಒಂದು ಎಂದು ಬರೆದುಕೊಂಡಿದ್ದರು. ಅದೇ ಸರ್ವಿಸ್ ಬುಕ್ಕಿಗೆ ಬಂತು, ಅದೇ ನಿನ್ನನ್ನು ರಿಟೈರ್ ಮಾಡಿಸಿತು. ನಮ್ಮ ಸೆಕ್ಷನ್ನಿನಲ್ಲೇ ಜೂನ್ ಒಂದರವರು ನಾಲ್ಕು ಜನ ಇದ್ದಿರಲ್ಲ. ನಿಮ್ಮಮ್ಮನಿಗೆ ನೆನಪಿದ್ದುದು ಇಷ್ಟೇ: ನೀನು ಹುಟ್ಟಿದಾಗ ಅವರೆಕಾಯಿ ಕಾಲ. ಜೂನಿನಲ್ಲಿ ಎಲ್ಲಿಯ ಅವರೆಕಾಯಿ?

ಕೈ ತೊಳೆಯುವ ನೆಪ ಮಾಡಿ ನಾನು ಎದ್ದು ಹೋಗಿದ್ದು ನೆನಪಿದೆಯಾ? ವೇಟರ್ ಕಿವಿಯಲ್ಲಿ, "ಭಯ್ಯಾ, ಅಂಕಲ್ ಕಾ ಭೀ ಬರ್ತ್‌ಡೇ ಹೈ" ಎಂದು ಊದಿದೆ. ಹಾಡು ನಮ್ಮ ಮೇಜಿಗೂ ಬಂತು. ನಿನ್ನ ಕಿವಿ ಟೊಮೇಟೊ ಆಗಿತ್ತು. ಅಂದಿನಿಂದ ನಿನಗೆ ತಿಂಗಳಿಗೊಂದು ಹುಟ್ಟುಹಬ್ಬ. "ಇವತ್ತು ಬೇಡ್ವೋ" ಎಂದು ನೀನು ಪ್ರತಿ ಸಲ ಅನ್ನುತ್ತಿದ್ದೆ. ಬೇಡ ಅನ್ನುತ್ತಲೇ ಕೆನ್ನೆ ಊದಿಸಿಕೊಂಡು ತಯಾರಾಗುತ್ತಿದ್ದೆ. ಕೇಕನ್ನು ಮೊಮ್ಮಗಳಿಗೆಂದು ಕಟ್ಟಿಸಿಕೊಂಡು, ಬತ್ತಿಗೆ ಮೆತ್ತಿದ ಕ್ರೀಮನ್ನು ಕಾಗದದಿಂದ ಒರೆಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದೆ.

"ಏನೋ ಜಿಪುಣ, ಬತ್ತೀನೂ ಬಿಡಲ್ವಾ?"

"ಇರ್ಲಿ ಬಿಡೋ. ಕೆಲಸಕ್ಕೆ ಬರತ್ತೆ."

ಇಲ್ಲಿಗೆ ಬರಲು ಶುರುಮಾಡಿದ ಮೇಲೆ ನೇಗಿಯೂ ನಮ್ಮ ಆಟದ ಪಾಲುದಾರನಾದ. ಸುಳ್ಳೆಂದು ಗೊತ್ತಿದ್ದೂ ನನ್ನ ಕಣ್ಸನ್ನೆಗೆ ಕಾಯುತ್ತಿದ್ದ.

ಫೆಬ್ರುವರಿಯಲ್ಲಿ ನೀನಾಗಿಯೇ ಫೋನ್ ಮಾಡಿದೆ. ಯಾವತ್ತೂ ಮಾಡುವವನು ನಾನು, ಆ ಸಲ ನೀನು.

"ಸೀನ, ಈ ಶನಿವಾರ ಸಿಗೋಣ್ವಾ?"

"ಇದು ಎರಡನೇ ಶನಿವಾರ ಅಲ್ವಲ್ಲೋ."

"ಅಲ್ಲ. ಸ್ವಲ್ಪ ಮಾತಾಡೋದಿತ್ತು."

"ಏನು, ಈ ವಯಸ್ಸಲ್ಲಿ ಇನ್ನೊಂದು ಮದ್ವೆನಾ? ಅತ್ತಿಗೆ ಒಪ್ಪಿದಾರಾ?"

"ಬಾರೋ ಸುಮ್ನೆ."

ಸುಮ್ಮನೆ ಬರುವುದು ನನ್ನ ಜಾತಕದಲ್ಲಿ ಎಲ್ಲಿದೆ? ನಾನು ಬಂದಾಗ ನೀನು ಇದೇ ಮೇಜಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಮುಂದೆ ಒಂದು ನೀಲಿ ಪ್ಲಾಸ್ಟಿಕ್ ಫೋಲ್ಡರ್. "ರಿಟೈರ್ ಆದ್ರೂ ಫೈಲ್ ಬಿಟ್ಟಿಲ್ವಲ್ಲೋ" ಎಂದು ನಾನು ಅದರ ಮೇಲೆ ಬೆರಳಿಂದ ತಾಳ ಹಾಕಿ, ಕೈ ತೊಳೆದು ಬಂದೆ. ನೀನು ಕೆಮ್ಮಿದೆ. ಆ ಚಳಿಗಾಲವಿಡೀ ಕೆಮ್ಮುತ್ತಿದ್ದೆ, ದಿಲ್ಲಿಯ ಹೊಗೆಯಲ್ಲಿ ಕೆಮ್ಮದವರು ಯಾರು ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ನಿಂಗೆ ಕೆಫೆ ಆಗಿಬರಲ್ಲ ಕಣೋ, ಬಂದ ತಕ್ಷಣ ಕಫ" ಅಂದೆ. ನೀನು ನಕ್ಕು, ಫೋಲ್ಡರ್ ಮೇಲೆ ಎರಡೂ ಕೈ ಇಟ್ಟು ಶುರುಮಾಡಿದೆ. "ನೋಡೋ ಸೀನ, ಮಂಗಳವಾರ ನಿಂಗೆ ಏನಾದ್ರೂ ಕೆಲಸ..."

ಅಷ್ಟರಲ್ಲಿ ದೀಪ ಆರಿತು. ನಾಲ್ಕು ಜನ ತಾಟು ಬಡಿಯುತ್ತಾ ಬಂದರು. ಆಚೆ ಮೇಜಿನ ಕಾಲೇಜು ಹುಡುಗರೂ ಚಪ್ಪಾಳೆಗೆ ಸೇರಿಕೊಂಡರು. ಕೇಕಿಗೆ ಜಾಗ ಮಾಡಲು ಯಾರೋ ನಿನ್ನ ಫೋಲ್ಡರನ್ನು ಎತ್ತಿ ಪಕ್ಕದ ಕುರ್ಚಿಗೆ ಹಾಕಿದರು. ನೀನು ನನ್ನನ್ನು ನೋಡಲಿಲ್ಲ ಮಾಧೂ, ನೇಗಿಯನ್ನು ನೋಡಿದೆ. ಅವನು ತಲೆ ತಗ್ಗಿಸಿದ. ಆಮೇಲೆ ನೀನು ಬತ್ತಿ ಊದಿದೆ. ಆರಲಿಲ್ಲ. ಮತ್ತೆ ಊದಿದೆ. ಮೂರನೇ ಸಲಕ್ಕೆ ಆರಿತು. ನಾನೇನಂದೆ ಗೊತ್ತಲ್ಲ? "ಏನೋ ಮುದುಕ, ಒಂದು ಬತ್ತಿಗೆ ಮೂರು ಕಂತಾ?" ಎಲ್ಲರೂ ನಕ್ಕರು. ನೀನೂ.

"ಏನೋ ಹೇಳ್ತಿದ್ದೆ, ಮಂಗಳವಾರ ಅಂತ?"

"ಏನಿಲ್ಲ ಬಿಡು. ಇನ್ನೊಂದ್ಸಲ ನೋಡೋಣ."

ನಾನು ಬಿಟ್ಟುಬಿಟ್ಟೆ. ಕೇಕಿನ ಪೊಟ್ಟಣ ಹಿಡಿದು ನೀನು ಮೆಟ್ರೋ ಕಡೆಗೆ ಹೋದೆ. ಬತ್ತಿ ತಟ್ಟೆಯಲ್ಲೇ ಉಳಿದಿತ್ತು. ಅದನ್ನು ನೋಡಿದೆ, ಮರೆತಿದ್ದಾನೆ ಅಂದುಕೊಂಡೆ. ಮೂವತ್ತನಾಲ್ಕು ವರ್ಷ ಒಂದೇ ಸೆಕ್ಷನ್ನಿನಲ್ಲಿ ಕೂತವನಿಗೆ ಗೊತ್ತಾಗಬೇಡವೇ, ನೀನು ಯಾವ ಟಿಪ್ಪಣಿಯನ್ನೂ ಎರಡು ಸಲ ಮಂಡಿಸುವವನಲ್ಲ ಎಂದು?

ನಿನ್ನ ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಎತ್ತಿದ ಮೇಲೆ ಅತ್ತಿಗೆ ಆ ನೀಲಿ ಫೋಲ್ಡರ್ ತಂದು ನನ್ನ ಮುಂದೆ ಇಟ್ಟರು. ಹೊರಗೆ ಮೇ ತಿಂಗಳ ಬಿಸಿಲು. "ಇದರಲ್ಲಿ ನಿಮ್ಮ ಹೆಸರಿದೆ ಶ್ರೀನಿವಾಸ್, ನೋಡಿ" ಎಂದರು. ಆಸ್ಪತ್ರೆಯ ಫಾರಂ. ಶ್ವಾಸಕೋಶದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವುದಕ್ಕೆ ಒಪ್ಪಿಗೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬರಬೇಕು, ಜೊತೆಗೆ ಒಬ್ಬರು ಇರಲೇಬೇಕು ಎಂದು ಮೇಲೆ ಬರೆದಿತ್ತು. ಜೊತೆಗಿರುವವರ ಹೆಸರು ಎಂಬಲ್ಲಿ ನಿನ್ನ ಮುತ್ತಿನಂಥ ಅಕ್ಷರದಲ್ಲಿ ನನ್ನ ಹೆಸರು. ಸಂಬಂಧ: ಗೆಳೆಯ. ನನ್ನ ಫೋನ್ ನಂಬರು. ಸಹಿಯ ಜಾಗ ಖಾಲಿ.

ಸಹಿ ಇಲ್ಲ ಎಂದು ನಾವಿಬ್ಬರೂ ಎಷ್ಟು ಕಾಗದ ವಾಪಸು ಕಳಿಸಿದ್ದೇವೆ, ಹೇಳು. ಆಸ್ಪತ್ರೆಯವರೂ ಅದನ್ನೇ ಮಾಡಿದರು. ಮಂಗಳವಾರ ನೀನೊಬ್ಬನೇ ಹೋಗಿ, ಒಬ್ಬನೇ ವಾಪಸು ಬಂದೆ. ಮೊಮ್ಮಗಳ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದ್ದೆಯಂತೆ. ಪರೀಕ್ಷೆ ಮುಗಿಯಿತು, ಆಮೇಲೆ ಹೇಳಿದೆ, ಆಮೇಲೆ ಚೂರು ತೆಗೆದರು. ನಡುವೆ ಐದು ವಾರ. "ಮೊದಲೇ ತೆಗೆದಿದ್ರೂ ಹೆಚ್ಚೇನೂ ಆಗ್ತಿರ್ಲಿಲ್ಲ ಅಂತ ಡಾಕ್ಟರು ಹೇಳಿದ್ರು" ಎಂದು ಅತ್ತಿಗೆ ನನಗೇ ಸಮಾಧಾನ ಮಾಡಿದರು. ಇರಬಹುದು. ಆದರೆ ಆ ಐದು ವಾರ ನಿನ್ನ ಪಕ್ಕದಲ್ಲಿ ಒಬ್ಬ ಇರುತ್ತಿದ್ದ. ಆ ಐದು ವಾರದಲ್ಲಿ ನಾನು ನಿನಗೆ ಎರಡು ಸಲ ಫೋನ್ ಮಾಡಿದ್ದೆ, ಎರಡು ಸಲವೂ ದನಿ ಬದಲಿಸಿ, ಪೆನ್ಷನ್ ಆಫೀಸಿನವನ ಹಾಗೆ...

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಆ ಶನಿವಾರ ನೀನು ಅರ್ಧ ಗಂಟೆ ಮುಂಚೆ ಬಂದಿದ್ದೆಯಂತೆ, ನೇಗಿ ಆಮೇಲೆ ಹೇಳಿದ. ನೇಗಿಯನ್ನು ಕರೆದು, ನನ್ನ ಗೆಳೆಯ ಬಂದು ಬರ್ತ್‌ಡೇ ಅಂತಾನೆ, ಇವತ್ತೊಂದು ದಿನ ಕೇಕ್ ತರಬೇಡ, ಅವನ ಹತ್ತಿರ ಒಂದು ಮಾತಾಡಬೇಕು ಎಂದು ಹೇಳಿದ್ದೆ. ಅವನು ಮರೆತ ಎಂದುಕೊಂಡು ಹಾಗೆ ನೋಡಿದೆಯಲ್ಲ? ಅವನು ಮರೆಯಲಿಲ್ಲ. ನಾನು ಕೈ ತೊಳೆಯುವ ನೆಪದಲ್ಲಿ ಅತ್ತ ಹೋದಾಗ ನನ್ನ ತೋಳು ಹಿಡಿದು, "ಅಂಕಲ್ ಜೀ, ಆಜ್ ರೆಹ್ನೇ ದೀಜಿಯೇ. ಉನ್ಹೋಂನೇ ಮನಾ ಕಿಯಾ ಹೈ" ಅಂದ. ಬೇಡವೆಂದು ನೀನು ಹೇಳಿದ್ದೀಯೆಂದು ಅವನು ಸ್ಪಷ್ಟವಾಗಿ ಹೇಳಿದ. ನಾನು ಅವನ ಬೆನ್ನು ತಟ್ಟಿ, "ವೋ ಹರ್ ಬಾರ್ ಯಹೀ ಕೆಹ್ತೇ ಹೈಂ" ಎಂದೆ. ಪ್ರತಿ ಸಲ ಹಾಗೇ ಹೇಳುತ್ತಾರೆ ಅಂತ. ನೀನು ಪ್ರತಿ ಸಲ ಹೇಳುತ್ತಿದ್ದೆ, ನಿಜ. ಆದರೆ ನನಗೆ ಹೇಳುತ್ತಿದ್ದೆ, ನಗುತ್ತಾ. ವೇಟರನಿಗೆ ಯಾವತ್ತೂ ಹೇಳಿರಲಿಲ್ಲ. ಆ ಒಂದು ವ್ಯತ್ಯಾಸ ನನಗೆ ಹೊಳೆದಿತ್ತು ಮಾಧೂ. ಹೊಳೆದಿತ್ತು. ನನ್ನ ಮಾತಿಗೆ ಕೇಕ್ ಆಗಲೇ ತಟ್ಟೆಗೆ ಬಂದಿತ್ತು, ಆಟ ಕೆಡಿಸಲು ಮನಸ್ಸಾಗಲಿಲ್ಲ, ಅಷ್ಟೇ. ತಪ್ಪು ನೇಗಿಯದಲ್ಲ. ಅವನ ಮೇಲೆ ಏನಾದರೂ ಬೇಸರ ಇಟ್ಟುಕೊಂಡು ಹೋಗಿದ್ದರೆ ಅದನ್ನು ನನ್ನ ಹೆಸರಿಗೆ ವರ್ಗ ಮಾಡು.

ಹೋದ ತಿಂಗಳು ಅತ್ತಿಗೆಯ ಕಣ್ಣಿನ ಪೊರೆ ತೆಗೆಸಿದೆವು. ಮಗಳಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ನಾನೇ ಹೋದೆ. ಬೆಳಿಗ್ಗೆ ಐದಕ್ಕೇ ಮನೆ ಬಿಟ್ಟೆ, ತಡವಾಗಲಿಲ್ಲ. ಕೌಂಟರಿನ ಹುಡುಗಿ ಫಾರಂ ತಳ್ಳಿ, "ಪೇಷಂಟ್ ಕೇ ಕೌನ್ ಹೈಂ ಆಪ್?" ಎಂದು ಕೇಳಿದಳು, ಪೇಷಂಟಿಗೆ ನೀವೇನಾಗಬೇಕು ಅಂತ. ಬೇರೆ ದಿನವಾಗಿದ್ದರೆ ನಾಲ್ಕು ಉತ್ತರ ಇರುತ್ತಿತ್ತು ನನ್ನ ಹತ್ತಿರ. ಆ ದಿನ ಮೈದುನ ಎಂದು ಬರೆದು ಸಹಿ ಹಾಕಿದೆ. ಸಹಿ ನನ್ನದರ ಹಾಗೇ ಕಾಣಲಿಲ್ಲ. ನೀನಾಗಿದ್ದರೆ ವಾಪಸು ಕಳಿಸುತ್ತಿದ್ದೆ.

ಹೊರಗೆ ಬೆಂಚಿನ ಮೇಲೆ, ಕಣ್ಣಿಗೆ ಬಿಟ್ಟ ಹನಿ ಕೆಲಸ ಮಾಡಲಿ ಎಂದು ಕೂತಿದ್ದಾಗ ಅತ್ತಿಗೆ ಒಂದು ಮಾತು ಹೇಳಿದರು. ನೀನು ತಂದ ಬತ್ತಿಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿವೆಯಂತೆ. "ಬೇಸಿಗೇಲಿ ಕರೆಂಟ್ ಹೋದಾಗ ಅದನ್ನೇ ಹಚ್ತಿದ್ರು. 'ನನ್ನ ಹುಟ್ಟುಹಬ್ಬದ ಬೆಳಕಲ್ಲಿ ಊಟ ಮಾಡೇ' ಅಂತಿದ್ರು ನನಗೆ. ಎಷ್ಟು ಖುಷಿ ಅವರಿಗೆ ನಿಮ್ಮ ಆಟ" ಎಂದರು. ನಾನು ತಲೆ ಆಡಿಸಿದೆ. ಅವರ ಕಣ್ಣು ಮಂಜಾಗಿತ್ತು, ನನ್ನದು ಅವರಿಗೆ ಕಾಣಲಿಲ್ಲ. ಆಗಲೇ ಹೇಳಬೇಕಿತ್ತು, ನೇಗಿ ತಡೆದ ಸಂಗತಿ. ಹೇಳಲಿಲ್ಲ. ಬದಲಿಗೆ ಏನೋ ಜೋಕು ಮಾಡಿದೆ, ಏನೆಂದು ಈಗ ನೆನಪೂ ಇಲ್ಲ.

"ಕಣ್ಣು ಸರಿಹೋಯ್ತಲ್ಲ, ನೀವಿಬ್ರೂ ಕೂರ್ತಿದ್ದ ಜಾಗ ತೋರಿಸಿ" ಎಂದು ಮೊನ್ನೆ ಅವರೇ ಫೋನ್ ಮಾಡಿದರು. ಒಂದು ಗಂಟೆಗೆ ಬರುವವರು ಅವರೇ. ಮೊಮ್ಮಗಳು ಮೆಟ್ರೋದಲ್ಲಿ ಕರೆತಂದು ಬಾಗಿಲವರೆಗೆ ಬಿಟ್ಟು ಹೋಗುತ್ತಾಳೆ. ಅವಳು ಪಾಸಾದಳು ಕಣೋ, ಒಳ್ಳೆಯ ನಂಬರು ಬಂದಿದೆ. ನಾನು ಮುಂಚೆ ಬಂದು ನೇಗಿಗೆ ಹೇಳಿದೆ, ಇವತ್ತು ಕೇಕ್ ಬೇಡ, ಹಾಡು ಬೇಡ, ಒಬ್ಬರ ಹತ್ತಿರ ಒಂದು ಮಾತಾಡಬೇಕು. ಅವನು ನನ್ನ ಮುಖ ನೋಡಿದ. "ಪಕ್ಕಾ, ಅಂಕಲ್ ಜೀ?" ಪಕ್ಕಾ, ಅಂದೆ. ಅವರು ಕೂತ ಮೇಲೆ ಮೊದಲ ಮಾತು ನಾನೇ ಆಡುತ್ತೇನೆ, ನಿನಗೆ ಮೇಲೆ ಬರೆದದ್ದನ್ನೇ, ಇದೇ ಕ್ರಮದಲ್ಲಿ, ನಡುವೆ ಎಲ್ಲೂ ನಗಿಸದೆ. ಆಮೇಲೆ ಅವರು ಏನಂದರೂ ಕೇಳುತ್ತೇನೆ. ಎದ್ದು ಹೋದರೆ ಅದೂ ಸರಿ.

ಗಾಜಿನ ಆಚೆ ಕಪ್ಪು ಕನ್ನಡಕ ಹಾಕಿಕೊಂಡು ಅತ್ತಿಗೆ ನಿಂತಿದ್ದಾರೆ. ತಳ್ಳುತ್ತಿದ್ದಾರೆ ಮಾಧೂ, ನಿನ್ನ ಹಾಗೇ. ನೇಗಿ ಅತ್ತ ಹೊರಟ, ನಾನು ಕೈ ತೋರಿಸಿ ನಿಲ್ಲಿಸಿದೆ.

ಇರು, ಬಾಗಿಲು ತೆಗೆಯಬೇಕು.

ನಿನ್ನ
ಸೀನ