ದೊಡ್ಡಪ್ಪನ ತೆಲುಗು

ಮಾರ್ಚ್ 4. ಬೆಳಿಗ್ಗೆ 8.30
ಮಧುರವಾಡ, ವಿಶಾಖಪಟ್ಟಣ. ಎಂದಿನಂತೆ ಎಂಟಕ್ಕೆ ವಿಜಯವಾಡಕ್ಕೆ ಫೋನ್. ದೊಡ್ಡಮ್ಮ ಹೋದ ಮೇಲೆ ದೊಡ್ಡಪ್ಪ ಒಬ್ಬರೇ. ಮಕ್ಕಳಿಲ್ಲ. ಫೋನ್ ಹಿಡಿದರೆ ಇಡೀ ಅಪಾರ್ಟ್‌ಮೆಂಟಿಗೆ ಕೇಳುವ ಗಂಟಲು. ಅಚ್ಚ ಮೈಸೂರು ಕನ್ನಡ, ಅದೇ ಗತ್ತು. "ನೀವು ಈಗಿನೋರು ಬ್ಯಾಂಕಲ್ಲಿ ಕೆಲಸ ಮಾಡ್ತೀರೋ, ಬರೀ ಕಂಪ್ಯೂಟರ್ ನೋಡ್ತೀರೋ?" ಗಟ್ಟಿ ಮುದುಕ. ಚಿಂತೆಯಿಲ್ಲ.

ಮಾರ್ಚ್ 11
ಅವರ ಎದುರು ಮನೆಯ ಸೂರ್ಯಕಾಂತಮ್ಮ ಫೋನ್ ಮಾಡಿದ್ದರು. ಮಾತಾಡಿಸಿದರೆ ದೊಡ್ಡಪ್ಪ ಉತ್ತರವನ್ನೇ ಕೊಡುವುದಿಲ್ಲವಂತೆ. ಮುಖ ನೋಡಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ನಾನೇ ಕ್ಷಮೆ ಕೇಳಿದೆ, ತೆಲುಗಿನಲ್ಲಿ. ನಲವತ್ತು ವರ್ಷ ಆ ಊರಲ್ಲಿ ಬ್ಯಾಂಕ್ ಗುಮಾಸ್ತರಾಗಿದ್ದು, ಆಟೋದವರ ಜೊತೆ ತೆಲುಗಿನಲ್ಲೇ ಜಗಳವಾಡಿ ಗೆದ್ದ ಮನುಷ್ಯ! ಸಂಜೆ ಫೋನ್ ಮಾಡಿ ದೊಡ್ಡಪ್ಪನ ಮೇಲೆ ರೇಗಿದೆ.
"ಅವ್ರು ಏನಂತಾರೋ ಗೊತ್ತಾಗಲ್ಲ ಕಣೋ ನಂದೀಶ."
"ಕಿವಿ ತೋರ್ಸೋಣ ಬಿಡಿ ದೊಡ್ಡಪ್ಪ. ಇಯರ್ ಎಂಡ್ ಮುಗೀಲಿ."
"ಕಿವಿ ಸರಿಯಾಗೇ ಇದೆ ಕಣೋ..." ನಾನು ಕೆದಕಲಿಲ್ಲ, ಫೋನಿಟ್ಟೆ.

ಮಾರ್ಚ್ 29
ಬ್ಯಾಂಕಿನಲ್ಲಿ ವರ್ಷದ ಲೆಕ್ಕದ ಕ್ಲೋಸಿಂಗ್. ಊಟಕ್ಕೂ ಪುರುಸೊತ್ತಿಲ್ಲ. ಮೂರು ದಿನದಿಂದ ದೊಡ್ಡಪ್ಪನಿಗೆ ಫೋನ್ ಮಾಡಿಲ್ಲ. ಅವರೂ ಬ್ಯಾಂಕಿನವರೇ, ಅರ್ಥವಾಗುತ್ತದೆ.

ಏಪ್ರಿಲ್ 2. ವಿಜಯವಾಡ, ಆಸ್ಪತ್ರೆ
ಮೊನ್ನೆ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಹಾಲಿನ ಪ್ಯಾಕೆಟ್ ಹೊರಗೇ ಬಿದ್ದಿರುವುದನ್ನು ನೋಡಿ ಸೂರ್ಯಕಾಂತಮ್ಮ ಬಾಗಿಲು ಒಡೆಸಿದ್ದು ನಿನ್ನೆ.
ಕೂಗಿದ್ದಾರೆ. ಕನ್ನಡದಲ್ಲಿ. ಸೂರ್ಯಕಾಂತಮ್ಮನಿಗೆ ಕೇಳಿಸಿದೆ, ಅರ್ಥವಾಗಿಲ್ಲ. ಹೊತ್ತೂ ಎಂಟೇ — ನನ್ನ ಜೊತೆ ಫೋನಿನಲ್ಲಿದ್ದಾರೆ ಅಂದುಕೊಂಡು ತಮ್ಮ ಕೆಲಸ ನೋಡಿಕೊಂಡಿದ್ದಾರೆ. ಒಂಬತ್ತರ ಹೊತ್ತಿಗೆ ದನಿ ನಿಂತಿದೆ. ಪಾಪ, ಹೇಳುತ್ತಾ ಅತ್ತರು. ತಪ್ಪು ಅವರದಲ್ಲ. ನನ್ನದು.

ಏಪ್ರಿಲ್ 4
ಮರೆವಿನ ಕಾಯಿಲೆ ಅಂದರು ಡಾಕ್ಟರ್. ಶುರುವಾಗಿ ಎಷ್ಟೋ ದಿನವಾಗಿದೆ. ಕೆಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದಂತೆ. ದಿನಾ ಕನ್ನಡದಲ್ಲಿ ಹರಟೆ ಹೊಡೆದು, ಚೆನ್ನಾಗಿದ್ದಾರೆ ಅಂದುಕೊಂಡೆನಲ್ಲ. ಥೂ.
"ಮಗ್ಗುಲು ತಿರುಗ್ಸಮ್ಮಾ" ಅನ್ನುತ್ತಾರೆ. ನರ್ಸ್ ನಕ್ಕು, ಹೊದಿಕೆ ಸರಿಮಾಡಿ ಹೋಗುತ್ತಾಳೆ. ಪ್ರತಿ ಸಲ ನಾನು ಓಡಿಹೋಗಿ ತೆಲುಗಿನಲ್ಲಿ ಹೇಳಬೇಕು. ವಿಶಾಖಪಟ್ಟಣಕ್ಕೆ ಕರೆದೊಯ್ಯೋಣವೆಂದರೆ ಸದ್ಯಕ್ಕೆ ಅಲುಗಾಡಿಸಬಾರದಂತೆ. ರಜೆ ಭಾನುವಾರದವರೆಗೆ. ಸೋಮವಾರದಿಂದ ಇಲ್ಲಿ ಅವರ ಮಾತು ತಿಳಿಯುವವರು —