ಯಾವ ಭೂಲ್ ಕೊಡುತ್ತೀರಿ, ಸಾಹೇಬರೇ?

ಉಪನಗರದ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ದಿನ ತುಂಬುವ ಮೊದಲೇ ಹುಟ್ಟಿದ ನನ್ನ ಮೊಮ್ಮಗನಿಗೆ ತೊಡೆಸಂದಿಯಲ್ಲಿ ಕರುಳು ಇಳಿಯುತ್ತಿದೆ. ಬೆನ್ನಿಗೆ ಸೂಜಿ ಕೊಟ್ಟು, ಸೊಂಟದ ಕೆಳಗಷ್ಟೇ ಜೋಮು ಹಿಡಿಸಿ ಅದನ್ನು ಸರಿಪಡಿಸಲು ನಿಮ್ಮದೇ ಲೇಡಿ ಡಾಕ್ಟರು ಸಿದ್ಧರಿದ್ದಾರೆ. ತಾವು ಮಾತ್ರ, ಇಂಥ ಕೂಸುಗಳ ಬೆನ್ನಿಗೆ ಸೂಜಿ ಚುಚ್ಚಕೂಡದು, ಸಾರ್ವಜನಿಕರು ಒಪ್ಪುವುದಿಲ್ಲ ಎಂದು ಅಪ್ಪಣೆ ಹೊರಡಿಸಿದ್ದೀರಿ. ಯಾರಪ್ಪಾ ಈ ಸಾರ್ವಜನಿಕರು ಎಂದು ಆ ಡಾಕ್ಟರನ್ನೇ ಕೇಳಿದೆ. ಅವರು ನಕ್ಕು ಹೇಳಿದ ಮೇಲೆ ತಿಳಿಯಿತು. ಸಾರ್ವಜನಿಕರು ನಮ್ಮ ಮನೆಯಲ್ಲೇ ರೊಟ್ಟಿ ಬಡಿಯುತ್ತ ಕೂತಿದ್ದರು. ನನ್ನ ಹೆಂಡತಿ ಕಾಶವ್ವ!

ನಡೆದದ್ದಿಷ್ಟು. ವಿಜಾಪುರದ ಓಣಿಯಲ್ಲಿ ಮುಸಲ್ಮಾನ ನೆರೆಯವರ ನಡುವೆ ಬೆಳೆದ ಕಾಶವ್ವನಿಗೆ ಹಿಂದಿ ಸಲೀಸು, ಮರಾಠಿ ಅಷ್ಟಕ್ಕಷ್ಟೆ. ಶಸ್ತ್ರಕ್ರಿಯೆಯ ಬೆಳಗ್ಗೆ ನಿಮ್ಮ ನರ್ಸ್‌ಬಾಯಿ ಬಂದು, “ಬಾಳಾಲಾ ಪಾಠೀತ್ ಭೂಲ್ ದೇಣಾರ್”, ಕೂಸಿನ ಬೆನ್ನಿಗೆ ಭೂಲ್ ಕೊಡುತ್ತೇವೆ, ಎಂದರಂತೆ. ಮರಾಠಿಯಲ್ಲಿ ಭೂಲ್ ಎಂದರೆ ಅರಿವಳಿಕೆ. ಹಿಂದಿಯಲ್ಲಿ? ತಪ್ಪು! ನಾನು ಚಹಾ ತರುವಷ್ಟರಲ್ಲಿ ಇವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳು ಮಲ್ಲವ್ವನನ್ನೂ ಎಳೆದುಕೊಂಡು ಸ್ಟೇಷನ್ ಸೇರಿದ್ದಳು. “ಕೂಸಿನ ಬೆನ್ನಾಗ ತಪ್ಪು ಮಾಡತಾರಂತ್ರಿ! ಅದೂ ಮೊದಲ ಹೇಳಿ ಮಾಡತಾರ, ಇವರ ಧೈರ್ಯಕ್ಕ ಬೆಂಕಿ ಹಚ್ಚಲಿ!” ಎಂದು ಮುಲುಂಡಿನ ಮನೆಯ ತನಕ ಲೋಕಲ್ ರೈಲಿನಲ್ಲೆಲ್ಲ ಬೈದಳು.

ಇವಳು ಬೈದು ಓಡಿದ ಸುದ್ದಿ ಕಿವಿಗೆ ಬಿದ್ದದ್ದೇ, ಈ ಬೈಗುಳವನ್ನೇ ತಾವು ಜನಾಭಿಪ್ರಾಯ ಮಾಡಿದಿರಿ! ಒಬ್ಬ ಅಜ್ಜಿ ಕುರ್ಲಾದಲ್ಲಿ ತಪ್ಪು ಲೋಕಲ್ ಹತ್ತಿದರೆ ರೈಲ್ವೆಯನ್ನೇ ಮುಚ್ಚುತ್ತಾರೆಯೇ, ಸಾಹೇಬರೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ತಾವು ಕೊಯ್ಯುತ್ತಿರುವುದು ಪರರ ಮೂಗು. ಈಥರ್ ಮೂಸಿಸಿ ಪೂರ್ತಿ ಮಲಗಿಸಿದರೆ ಇಂಥ ಎಳೆಯ ಕೂಸುಗಳು ಉಸಿರಾಡುವುದನ್ನೇ ಮರೆಯುವ ಭಯ ಹೆಚ್ಚು ಎನ್ನುತ್ತಾರೆ ಆ ಡಾಕ್ಟರು. ಸೂಜಿಗೆ ಅಪಾಯವೇ ಇಲ್ಲವೆಂದು ಅವರೇನೂ ಬೂಸಿ ಬಿಡಲಿಲ್ಲ. ಮದ್ದು ಮೇಲೇರಿದರೆ ಉಸಿರು ಕಟ್ಟೀತು, ಅದಕ್ಕೇ ಕೊನೆಯವರೆಗೂ ಕೂಸಿನ ಎದೆಯ ಮೇಲಿನ ಕೈ ತೆಗೆಯುವುದಿಲ್ಲ ಎಂದರು. ತಮ್ಮ ಕೈ ಎಲ್ಲಿರುತ್ತದೆ? ಮೊಹರಿನ ಮೇಲೆ! ಸುರಕ್ಷತೆ ಎಂದರೆ ಕೂಸಿನದೋ, ಕುರ್ಚಿಯದೋ?

ಅರ್ಥ ಬಿಡಿಸಿ ಹೇಳಿದ ಮೇಲೆ ಕಾಶವ್ವ ಹಣೆ ಹಣೆ ಬಡಿದುಕೊಂಡಳು. “ಆ ಭೂಲ್ ಕೊಡಸ್ರಿ. ಬೇಕಾದ್ರ ಮೊದಲ ನನ್ನ ಬೆನ್ನಿಗೇ ಚುಚ್ಚಿ ನೋಡ್ಲಿ” ಎನ್ನುತ್ತಾಳೆ. ಅತ್ತರೆ ಕರುಳು ಇಳಿಯುತ್ತದೆ, ಒಮ್ಮೆ ಸಿಕ್ಕಿಕೊಂಡರೆ ಕೂಸು ನಮ್ಮದಲ್ಲ. ಹಾಗಾಗಿ ಅದು ಅಳದಂತೆ ಇಡೀ ಚಾಳಿನ ನೆರೆಹೊರೆಯವರು ಸರದಿಯ ಮೇಲೆ ಎತ್ತಿಕೊಂಡು ತಿರುಗುತ್ತಿದ್ದಾರೆ.

ಈ ಪತ್ರ ಕನ್ನಡದಲ್ಲಿದೆ, ತಮಗೆ ಓದಲು ಬಾರದು. ತಮ್ಮ ಇಂಗ್ಲಿಷ್ ಅಪ್ಪಣೆಯೂ ನಮಗೆ ಹಾಗೇ ಇತ್ತು. ಯಾರಿಂದಲಾದರೂ ಓದಿಸಿಕೊಳ್ಳಿ. ಆ ಅಪ್ಪಣೆ ಹಿಂತೆಗೆದುಕೊಳ್ಳಿ. ಸೂಜಿಯೋ ಈಥರೋ ಎಂಬುದನ್ನು ಕೂಸನ್ನು ಮುಟ್ಟಿ ನೋಡಿದ ಡಾಕ್ಟರಿಗೆ ಬಿಡಿ. ಮನೆಯವರಿಗೆ ಅವರ ಭಾಷೆಯಲ್ಲಿ ತಿಳಿಸಲು ಒಬ್ಬರನ್ನಿಡಿ. ಹಿಂದಿಯ ಭೂಲ್ ತಾವು ಈಗಾಗಲೇ ಕೊಟ್ಟಾಗಿದೆ. ಇನ್ನು ಮರಾಠಿಯದನ್ನು ಕೊಡಿಸಿ, ಬೇಗ. ಕೂಸು ಮತ್ತೆ ಅಳುತ್ತಿದೆ.

ಇಂತಿ,
ತಮ್ಮ ‘ಸಾರ್ವಜನಿಕರ’ ಗಂಡ,
ನೀಲಕಂಠಪ್ಪ
ಮುಲುಂಡ್