ದೂರಿಗೊಂದು ಫೋನು

ಮಾರ್ಚ್ 4, ಸೋಮವಾರ

ಮತ್ತೆ ಅದೇ. ಬೆಳಿಗ್ಗೆ ಖರೀದಿ ನಿಯಮ, ಮಧ್ಯಾಹ್ನ ಆಡಿಟ್ ನಿಯಮ, ಸಂಜೆ ತಲೆನೋವು. ನಮ್ಮದು ಹೆಸರಿಗೆ ರಾಷ್ಟ್ರೀಯ ಪರಿಸರ ನಿಧಿ. ಗಿಡ ನೆಡಿಸುತ್ತೇವೆ, ದಂಡೆ ಕಟ್ಟಿಸುತ್ತೇವೆ — ಸಣ್ಣ ಕೈ, ಸಣ್ಣ ಕೆಲಸ. ಅಂತರರಾಷ್ಟ್ರೀಯ ಹವಾಮಾನ ನಿಧಿಯನ್ನು ನೇರವಾಗಿ ಹಣ ಕೇಳಬೇಕಾದರೆ ಮೊದಲು ಅವರ ಮಾನ್ಯತೆ ಬೇಕು. ಆ ತಯಾರಿಯೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ.

ಇವತ್ತು ಅಲ್ಲಿಯ ಪರೀಕ್ಷಕರ ಮೇಲ್. ನಿಮ್ಮ ಕೆಲಸದಿಂದ ತೊಂದರೆಯಾದವರು ದೂರು ಕೊಡಲು ವ್ಯವಸ್ಥೆ ಇದೆ ಅಂತೀರಿ, ಎಷ್ಟು ದೂರು ಬಂದಿವೆ? ಒಂದೂ ಇಲ್ಲ. ಡೈರೆಕ್ಟರ್ ಹೆಮ್ಮೆಯಿಂದಲೇ ಹಾಗೆ ಬರೆಸಿದರು. ಸಂಜೆಗೆ ಉತ್ತರ — ಹಾಗಾದರೆ ಜನಕ್ಕೆ ನಿಮ್ಮ ನಂಬರ್ ಗೊತ್ತಿಲ್ಲ, ಇಲ್ಲವೇ ನಿಮ್ಮ ಮೇಲೆ ನಂಬಿಕೆಯಿಲ್ಲ. ಏಪ್ರಿಲ್‌ನಲ್ಲಿ ಬಂದು ನೋಡುತ್ತೇವೆ.

ಡೈರೆಕ್ಟರ್ ಮುಖ ಸಣ್ಣಗಾಯಿತು. "ಬೈಸ್ಕೊಳ್ದೇ ಇರೋದೂ ತಪ್ಪೇನಮ್ಮಾ?"

ಮಾರ್ಚ್ 8

ಕೆಲಸ ನಡೆದ ಜಾಗಗಳಲ್ಲೆಲ್ಲ ಬೋರ್ಡ್ ಹಾಕಿಸಿದ್ದಾಯಿತು, ನಂಬರ್ ದಪ್ಪಕ್ಷರದಲ್ಲಿ. ದೂರಿಗೆಂದೇ ಹೊಸ ಫೋನು. ಮಧ್ಯಾಹ್ನ ಅದು ಬಡಿದುಕೊಂಡಾಗ ಎಲ್ಲರೂ ಊಟ ಬಿಟ್ಟು ಓಡಿದೆವು. ನೋಡಿದರೆ ಅಕೌಂಟೆಂಟ್, ಪಕ್ಕದ ರೂಮಿನಿಂದ. "ರಿಂಗ್ ಆಗುತ್ತಾ ಅಂತ ನೋಡ್ದೆ."

ಯಾರಾದರೂ ನಮ್ಮನ್ನು ಬೈಯಲಿ ಅಂತ ಒಂದು ಆಫೀಸಿಗೆ ಆಫೀಸೇ ಕಾದು ಕೂತಿದೆ.

ಮಾರ್ಚ್ 17, ಭಾನುವಾರ

ರಜಾದಿನ ಫೋನು ಮನೆಗೆ ಒಯ್ಯುವ ಸರದಿ ನನ್ನದು. ಸ್ನಾನಕ್ಕೆ ಹೋಗಿದ್ದೆ. ತಲೆಗೆ ಟವೆಲ್ ಸುತ್ತಿಕೊಂಡು ಬರುವಷ್ಟರಲ್ಲಿ ಅತ್ತೆ ಕುರ್ಚಿ ಎಳೆದುಕೊಂಡು ಕೂತು ಮಾತಿಗಿಳಿದಿದ್ದರು.

"ಹೌದಾ? ಒಂದ್ ಮಾತೂ ಕೇಳ್ದೇ ನೆಟ್‌ಬಿಟ್ರಾ? ಎಂಥಾ ಜನಾನಮ್ಮ ಇವ್ರು... ನೀನು ಹೇಳು, ನಾನ್ ಕೇಳ್ತಿದೀನಿ."

ಕೈಚಾಚಿದೆ. ಕೈಗೇ ಒಂದು ಏಟು ಬಿತ್ತು.

ಪೂರ್ತಿ ಕೇಳಿಯೇ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆಫೀಸಿನೋರಿಗೆ ಬುದ್ಧಿ ಇಲ್ವಾ?"

ಸಂಗತಿ ಇಷ್ಟು. ಅಳಿವೆಯ ಕೆಸರಿನಲ್ಲಿ ಹೆಂಗಸರು ಚಿಪ್ಪು ಆರಿಸಿ ಬದುಕುತ್ತಾರೆ. ದಡ ಕಾಯಲೆಂದು ನಾವು ನೆಟ್ಟ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಸಸಿಗಳು ಸರಿಯಾಗಿ ಅವರ ಕಾಲುದಾರಿಗೇ ಅಡ್ಡ. ಬಳಸಿಕೊಂಡು ಬರುವಷ್ಟರಲ್ಲಿ ನೀರು ಏರಿಬಿಡುತ್ತದೆ.

ಅತ್ತೆಯನ್ನು ತಬ್ಬಿಕೊಂಡೆ. "ದೂರು ಬಂತು ಅಂತ ತಬ್ಕೊಳ್ಳೋರನ್ನ ಇವತ್ತೇ ನೋಡಿದ್ದು," ಅಂದರು ಇವರು, ಪೇಪರಿನ ಹಿಂದಿನಿಂದ.

ಮಾರ್ಚ್ 18

ದೂರು ಬಂತು ಅಂದೆ — ಆಫೀಸಿನಲ್ಲಿ ಸಂಭ್ರಮ. ಯಾವ ಕೆಲಸದ್ದು ಅಂತ ಹೇಳಿದೆ — ಸಂಭ್ರಮ ಅಲ್ಲಿಗೇ ನಿಂತಿತು. ಆ ಕಾಂಡ್ಲಾ ತೋಪು ಡೈರೆಕ್ಟರ್ ಅವರ ಮುದ್ದಿನ ಕೂಸು. ನಮ್ಮ ವರದಿಯ ಮುಖಪುಟದಲ್ಲಿರುವುದೂ ಅದೇ.

"ಬೇರೆ ಯಾವುದಾದ್ರೂ ದೂರು ಬರುತ್ತಾ ನೋಡೋಣ್ವಾ?"

"ಹೋಗಿ ನೋಡೋಣ ಸರ್."

ಡೈರೆಕ್ಟರ್ ಆ ವರದಿಯನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ, "ಗಾಡಿ ಹೇಳಿ."

ಮಾರ್ಚ್ 21

ಅಳಿವೆ. ಇಳಿದ ಕೂಡಲೇ ಡೈರೆಕ್ಟರ್ ಅವರ ಒಂದು ಶೂ ಕೆಸರಿನ ಪಾಲು. ಫೋನು ಮಾಡಿದ್ದಾಕೆಯನ್ನು ಅಲ್ಲಿ ಎಲ್ಲರೂ ಚಿಪ್ಪಕ್ಕ ಅನ್ನುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಅಮ್ಮ ಬಂದಿಲ್ವಾ? ಅವರ್ಗೆ ಎಲ್ಲಾ ಅರ್ಥ ಆಗಿತ್ತು," ಅಂದರು.

ಅವರ ಜೊತೆ ಬಳಸುದಾರಿಯಲ್ಲೇ ನಡೆದೆವು. ಹೋಗುವಾಗ ಪಾದ ಮುಳುಗುವಷ್ಟು ನೀರು. ಬರುವಾಗ ಸೊಂಟ. ಕಾಲಡಿಯ ಕೆಸರು ಎಳೆಯುತ್ತಿತ್ತು. ಹೆದರಿದೆ, ಸುಳ್ಳೇಕೆ. ಡೈರೆಕ್ಟರ್ ಚಿಪ್ಪಕ್ಕನ ಬುಟ್ಟಿಯ ಅಂಚು ಹಿಡಿದುಕೊಂಡೇ ದಡ ಸೇರಿದರು. ಪ್ಯಾಂಟ್ ಹಿಂಡುತ್ತ, ಮೆಲ್ಲಗೆ, "ದಾರಿ ಬಿಡೋಣ. ಎಲ್ಲಿ ಅಂತ ಇವ್ರೇ ಹೇಳ್ಲಿ."

ಏಪ್ರಿಲ್ 9

ಸಸಿ ಕಿತ್ತು ಬೇರೆ ಕಡೆ ನೆಟ್ಟೆವು, ಅವರೂ ನಾವೂ ಸೇರಿ. ಬೇರಿನ ಮಣ್ಣು ಉದುರದಂತೆ ಕೂಸು ಎತ್ತಿದ ಹಾಗೆ ಎತ್ತಬೇಕು. ಡೈರೆಕ್ಟರ್ ಈ ಸಲ ಬರಿಗಾಲು. ಜಾರಿ ಕೂತೇಬಿಟ್ಟರು. ಮೊದಲು ನಕ್ಕವರು ಅವರೇ. ಇಷ್ಟು ವರ್ಷದಲ್ಲಿ ಆ ನಗು ಕೇಳಿರಲಿಲ್ಲ.

ಮೈಯೆಲ್ಲ ನೋವು. ಹಿತವಾದ ನೋವು.

ಏಪ್ರಿಲ್ 24

ಪರೀಕ್ಷಕಿ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಫೈಲುಗಳನ್ನೆಲ್ಲ ನೋಡಿ, "ಅಳಿವೆಗೆ ಹೋಗೋಣ" ಅಂದರು. ದಾರಿ ಬಿಟ್ಟಿದ್ದೇವಲ್ಲ, ಚಿಪ್ಪಕ್ಕ ನಾಲ್ಕು ಒಳ್ಳೆಯ ಮಾತು ಆಡಿಯಾರು ಅಂತ ನನ್ನ ಲೆಕ್ಕ. ಎಲ್ಲಿಯ ಮಾತು.

"ದಾರಿ ಬಿಟ್ರು, ಸರಿ. ಮೊದ್ಲೇ ಕೇಳಿದ್ರೆ ಇಷ್ಟೆಲ್ಲ ಬೇಕಿತ್ತಾ? ನಮ್ ಹುಡುಗಿಯೊಬ್ಳು ಮುಳುಗೋದ್ರಲ್ಲಿದ್ಲು. ಮುಂದಿನ್ ಸಲ ಗಿಡ ತರೋಕೆ ಮುಂಚೆ ನಮ್ಮನ್ನ ಕರೀರಿ."

ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು. ಡೈರೆಕ್ಟರ್ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತು... ಯಾರಿಗೆ ಗೊತ್ತಾಗುತ್ತಿತ್ತು? ಮಾಡಲಿಲ್ಲ. ಆ ಹುಡುಗಿಯ ವಿಷಯವನ್ನೂ ಬಿಡದೆ ಹೇಳಿದೆ.

ಪರೀಕ್ಷಕಿ ಒಂದೇ ಪ್ರಶ್ನೆ ಕೇಳಿದರು — ಮತ್ತೆ ತೊಂದರೆಯಾದರೆ ಆ ನಂಬರಿಗೆ ಫೋನು ಮಾಡುತ್ತೀರಾ?

"ಮಾಡ್ದೇ ಏನು? ಎತ್ಕೋತಾರೆ. ಕೇಳ್ತಾರೆ. ಬರ್ತಾರೆ."

ಅದನ್ನೂ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಪರೀಕ್ಷಕಿ ಪೆನ್ನು ಮುಚ್ಚಿದರು.

ವಾಪಸ್ ಬರುವಾಗ ಗಾಡಿಯಲ್ಲಿ ಡೈರೆಕ್ಟರ್, "ಒಳ್ಳೇ ಕೆಲಸ ಮಾಡಿದ್ರಿ." ಅಷ್ಟೇ. ಸಾಕು.

ಜೂನ್ 6

ಸುದ್ದಿಯಿಲ್ಲ.

ಜೂನ್ 20

ಇಲ್ಲ. ಅಕೌಂಟೆಂಟ್ ಉಗುರೆಲ್ಲ ಕಚ್ಚಿ ಮುಗಿಸಿದ್ದಾರೆ.

ಜುಲೈ 12, ಸಂಜೆ

ಮಾನ್ಯತೆ ಸಿಕ್ಕಿತು.

ಡೈರೆಕ್ಟರ್ ಮೇಲ್ ಗಟ್ಟಿಯಾಗಿ ಓದಲು ಶುರು ಮಾಡಿ, ಮಧ್ಯದಲ್ಲಿ ಕನ್ನಡಕ ತೆಗೆದು, "ನೀವೇ ಓದಿ" ಅಂದರು. ನನಗೂ ಅಕ್ಷರ ಕಾಣಿಸಲಿಲ್ಲ. ಅಕೌಂಟೆಂಟ್ ಓದಿದರು, ಪೂರ್ಣವಿರಾಮ ಸಮೇತ.

ಚಿಪ್ಪಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ಪಾಸಾದ್ವಿ."

"ನಾನ್ ಬೈದಿದ್ದಕ್ಕಾ?"

"ಹೂಂ."

ನಕ್ಕರು, ನಕ್ಕರು. ಪಕ್ಕದವರಿಗೂ ಕೂಗಿ ಹೇಳಿದರು, ಅವರೂ ನಕ್ಕರು. ಆಮೇಲೆ, "ಆಚೆ ದಂಡೆ ಕೊಚ್ಚಿ ಹೋಗ್ತಿದೆ, ಅಲ್ಲಿ ನೆಡ್ಬೇಕು. ಯಾವಾಗ ಬರ್ತೀಯ?" ಸೋಮವಾರ ಅಂದೆ. ಹವಾಮಾನ ನಿಧಿಗೆ ನಮ್ಮ ಮೊದಲ ಅರ್ಜಿ ಅದಕ್ಕೇ.

ಮನೆಗೆ ಬಂದು ಸುದ್ದಿ ಹೇಳಿದೆ. ಅತ್ತೆ, "ದುಡ್ಡು ಬಂತಾ?"

"ಇಲ್ಲ ಅತ್ತೆ. ಇನ್ಮೇಲೆ ಕೇಳ್ಬಹುದು."

"ಕೇಳೋದಕ್ಕೆ ಇಷ್ಟೊಂದು ಕುಣಿತವಾ?" ಅಂದವರು ತಾವೇ ನಕ್ಕು, "ಸರಿ, ಕುಣಿಯೋದಾದ್ರೆ ನೆಟ್ಟಗೆ ಕುಣೀರಿ," ಅಂದರು. ಮಗಳು ಹಾಡು ಹಾಕಿದ್ದಾಳೆ. ಇವರು ಮೇಜು ಗೋಡೆಗೆ ತಳ್ಳುತ್ತಿದ್ದಾರೆ. ಅತ್ತೆ ಎದ್ದು ನಿಂತರು — ಎರಡೂ ಕೈ ಮೇಲೆತ್ತಿ... ಇಲ್ಲಿ ಬರೆಯುತ್ತ ಕೂತರೆ ಅದನ್ನು ನೋಡುವುದು ತಪ್ಪಿ—